ಲೀಪ್ ಇಯರ್, ಅಕ್ಟೋಬರ್ ಕ್ರಾಂತಿ, ಮಂಗನ ಕಾಯಿಲೆ

ಬಿಸಿಎ ಸೇರಿದವರು ಮೊದಲ ಸೆಮಿಸ್ಟರಿನ ಸಿ ಲ್ಯಾಬಿನಲ್ಲಿ ಸಾಮಾನ್ಯವಾಗಿ ಬರೆಯುವ ಪ್ರೋಗ್ರಾಮುಗಳಲ್ಲಿ ಲೀಪ್ ಇಯರಿನದೂ ಒಂದು. ಇಸವಿ ಕೊಟ್ಟರೆ ಅದು ಲೀಪ್ ಇಯರೋ ಅಲ್ಲವೋ ಎಂದು ಕಂಪ್ಯೂಟರ್ ಹೇಳಬೇಕು. ನಿಯಮ ಚಿಕ್ಕದು. ಇಸವಿ ನಾಲ್ಕರಿಂದ ಭಾಗವಾಗಬೇಕು. ನೂರರಿಂದಲೂ ಭಾಗವಾಗುತ್ತದೆ ಅಂತಾದರೆ ನಾನೂರರಿಂದ ಕೂಡ ಭಾಗವಾಗಲೇಬೇಕು. ಹಾಗಾಗಿ 2000 ಲೀಪ್ ಇಯರ್, 1900 ಅಲ್ಲ. ರೆಕಾರ್ಡ್ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ಸಾಕು. ಔಟ್‌ಪುಟ್ ಬಂದರೆ ಮೇಡಂ ಸಹಿ ಹಾಕುತ್ತಾರೆ, ಮುಂದಿನ ಪ್ರೋಗ್ರಾಮಿಗೆ ಹೋಗುವುದು.

ಅದೇ ಕಾಲೇಜಿನ ಇನ್ನೊಂದು ಕೊಠಡಿಯಲ್ಲಿ ಇತಿಹಾಸದ ಮೇಷ್ಟ್ರು ರಷ್ಯಾದ ಕ್ರಾಂತಿ ಹೇಳುತ್ತಿರುತ್ತಾರೆ. 1917ರ ಅಕ್ಟೋಬರ್ ಕ್ರಾಂತಿ ನಡೆದದ್ದು ನವೆಂಬರ್ 7ರಂದು. ನವೆಂಬರಿನಲ್ಲಿ ನಡೆದದ್ದಕ್ಕೆ ಅಕ್ಟೋಬರಿನ ಹೆಸರು ಹೇಗೆ ಬಂತು? ಪರೀಕ್ಷೆಯಲ್ಲಿ ಕೇಳುವುದಿಲ್ಲವಾದ್ದರಿಂದ ಕೇಳುವವರು ಕಡಿಮೆ.

ಉತ್ತರ ಇರುವುದು ಆ ಅರ್ಧ ಪುಟದ ಪ್ರೋಗ್ರಾಮಿನಲ್ಲಿ. ಜೂಲಿಯಸ್ ಸೀಸರನ ಕಾಲದ ಪಂಚಾಂಗದಲ್ಲಿ ಪ್ರತಿ ನಾಲ್ಕನೇ ವರ್ಷವೂ ಲೀಪ್ ಇಯರ್ ಆಗಿತ್ತು. ಸೂರ್ಯನ ವರ್ಷಕ್ಕೆ ಹೋಲಿಸಿದರೆ ಅದು ತುಸು ಹೆಚ್ಚಾಗಿ, ಶತಮಾನಗಳು ಉರುಳಿದಂತೆ ತಾರೀಖು ಋತುವಿನಿಂದ ದೂರ ಸರಿಯಿತು. 1582ರಲ್ಲಿ ಪೋಪ್ 13ನೇ ಗ್ರೆಗರಿ ನೂರು, ನಾನೂರರ ನಿಯಮ ತಂದು ಅದನ್ನು ಸರಿಪಡಿಸಿದ. ಕ್ಯಾಥೊಲಿಕ್ ದೇಶಗಳು ಬೇಗ ಒಪ್ಪಿದವು. ಬ್ರಿಟನ್ ಮತ್ತು ಅದರ ವಸಾಹತುಗಳು ಒಪ್ಪಿದ್ದು 1752ರಲ್ಲಿ. ರಷ್ಯಾ ಒಪ್ಪಿದ್ದು ಕ್ರಾಂತಿಯ ನಂತರ, 1918ರಲ್ಲಿ. ಅಲ್ಲಿ ಜನವರಿ 31ರ ಮರುದಿನ ಫೆಬ್ರುವರಿ 14 ಬಂತು. ಹಳೆಯ ಪಂಚಾಂಗದಲ್ಲಿ ಅಕ್ಟೋಬರ್ 25 ಆಗಿದ್ದದ್ದು ಹೊಸದರಲ್ಲಿ ನವೆಂಬರ್ 7. ಲಿನಕ್ಸ್ ಇರುವ ಕಂಪ್ಯೂಟರಿಗೆ 1752ರ ಸೆಪ್ಟೆಂಬರ್ ತೋರಿಸು ಎಂದು ಆದೇಶ ಕೊಟ್ಟರೆ ಇವತ್ತಿಗೂ 2ನೇ ತಾರೀಖಿನ ಪಕ್ಕದಲ್ಲಿ 14 ಕಾಣುತ್ತದೆ. ನಡುವಿನ ಹನ್ನೊಂದು ದಿನ ಮಾಯ. ಪ್ರೋಗ್ರಾಮ್ ಬರೆದ ಎಂಜಿನಿಯರುಗಳು ಬ್ರಿಟಿಷ್ ಇತಿಹಾಸವನ್ನು ಅದರೊಳಗೇ ಸೇರಿಸಿಟ್ಟಿದ್ದಾರೆ.

ಬಿಸಿಎ ಹುಡುಗಿಗೆ ನಾನೂರರ ನಿಯಮ ಗೊತ್ತು, ಅದು ಎಲ್ಲಿಂದ ಬಂತೆಂದು ಗೊತ್ತಿಲ್ಲ. ಬಿಎ ಹುಡುಗನಿಗೆ ಕ್ರಾಂತಿ ಗೊತ್ತು, ತಾರೀಖಿನ ಲೆಕ್ಕ ಗೊತ್ತಿಲ್ಲ. ಇಬ್ಬರೂ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಾರೆ.

ಇಂಥವರು ಓದುವ ಶಿವಮೊಗ್ಗ ಮತ್ತು ಭದ್ರಾವತಿಗೆ ಕಾಲೇಜುಗಳ ಕೊರತೆಯಿಲ್ಲ. ಸಹ್ಯಾದ್ರಿ ಕಾಲೇಜು 1940ರಷ್ಟು ಹಳೆಯದು, ಪಿ. ಲಂಕೇಶ್ ಅಲ್ಲಿ ಇಂಗ್ಲಿಷ್ ಪಾಠ ಮಾಡಿದ್ದರು. 1946ರಲ್ಲಿ ಹುಟ್ಟಿದ ರಾಷ್ಟ್ರೀಯ ಶಿಕ್ಷಣ ಸಮಿತಿ ವಾಣಿಜ್ಯ ಕಾಲೇಜು, ಮಹಿಳಾ ಕಾಲೇಜುಗಳನ್ನು ತೆರೆಯಿತು. 1980ರಲ್ಲಿ ಅದರ ಜವಾಹರಲಾಲ್ ನೆಹರೂ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಸರ್ಕಾರಿ ಕಾಲೇಜುಗಳಿವೆ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. ಅದರ ಆವರಣ ಇರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪದವಿ ಕಾಲೇಜುಗಳಿಗೆ ಪ್ರಶ್ನೆಪತ್ರಿಕೆ ಬರುವುದು ಅಲ್ಲಿಂದ. ಎಂಜಿನಿಯರಿಂಗಿಗೆ ಮಾತ್ರ ಬೆಳಗಾವಿಯ ವಿಟಿಯು.

ಪದವಿಯ ರಚನೆ ಈಚೆಗೆ ಎರಡು ಸಲ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ನಾಲ್ಕು ವರ್ಷದ ಪದವಿ, ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ ಎಲ್ಲ ಒಟ್ಟಿಗೆ ಬಂದವು. ಇತಿಹಾಸದವರು ಕಂಪ್ಯೂಟರಿನ ಪತ್ರಿಕೆಯನ್ನೂ, ವಿಜ್ಞಾನದವರು ಇತಿಹಾಸದ ಪತ್ರಿಕೆಯನ್ನೂ ಆರಿಸಿಕೊಳ್ಳಬಹುದಾದ ಕಾಲ ಅದು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024-25ರಿಂದ ಮತ್ತೆ ಮೂರು ವರ್ಷದ ಪದವಿಯೇ ಬಂತು. ನೀತಿ ಯಾವುದು ಸರಿ ಎಂಬ ಜಗಳ ದೊಡ್ಡದು, ಇಲ್ಲಿ ಬೇಡ. ಆದರೆ ನೀತಿ ಬದಲಾದಾಗಲೆಲ್ಲ ಹೆಚ್ಚು ಅಲುಗಾಡುವುದು ಮೊದಲ ವರ್ಷದ ಪೀಠಿಕೆಯ ಪತ್ರಿಕೆಗಳು. ಹೆಸರು ಬದಲಾಗುತ್ತದೆ, ವಾರದ ಗಂಟೆ ಬದಲಾಗುತ್ತದೆ, ಪುಸ್ತಕ ಅಂಗಡಿಗೆ ಬರುವಷ್ಟರಲ್ಲಿ ಇಂಟರ್ನಲ್ಸ್ ಮುಗಿದಿರುತ್ತದೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ಭಾರದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲಿದೆ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ತಿಳಿಯದವರು ಹೊಸ ಪತ್ರಿಕೆಗೆ ಹೊಸ ಉದಾಹರಣೆ ಹುಡುಕಿ ಕೂರಬೇಕು ಎಂದು ಬಯಸುವುದು ಸುಲಭ, ಅದಕ್ಕೆ ತಕ್ಕ ಭದ್ರತೆ ಕೊಡದೆ ಬಯಸುವುದು ಅನ್ಯಾಯ.

ಆದರೂ ಉದಾಹರಣೆಗಳು ಬೇಕು. ಮೊದಲ ಸೆಮಿಸ್ಟರಿನಲ್ಲಿ ವಿಷಯ ಹಿಡಿಯುವುದೂ ಬಿಡುವುದೂ ಉದಾಹರಣೆಯ ಮೇಲೆ. ಈ ಎರಡು ಊರುಗಳಲ್ಲಿ ಅವು ಕಾಲಿಗೆ ಎಡತಾಕುವಷ್ಟು ಇವೆ.

ಶಿವಮೊಗ್ಗದ ಅಡಿಕೆ ಮಂಡಿಯನ್ನೇ ನೋಡಿ. ರಾಶಿ ಅಡಿಕೆ ಕ್ವಿಂಟಲಿಗೆ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಬಹಳ ಕಾಲೇಜುಗಳ ಲ್ಯಾಬಿನಲ್ಲಿ ಸಿ ಕಲಿಸಿದ್ದು ಟರ್ಬೊ ಸಿ ಎಂಬ ನೀಲಿ ಪರದೆಯ ಹಳೆಯ ತಂತ್ರಾಂಶದಲ್ಲಿ. ಬೋರ್ಲೆಂಡ್ ಕಂಪನಿ ಅದನ್ನು ಮೊದಲು ಹೊರತಂದದ್ದು 1987ರಲ್ಲಿ. ಅದರಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ ಸಿಗುವ ಜಾಗ 16 ಬಿಟ್. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಅಲ್ಲಿ 40,000 ಹಾಕಿ ಅಚ್ಚು ಮಾಡಿಸಿದರೆ ಪರದೆಯ ಮೇಲೆ ಬರುವುದು ಮೈನಸ್ 25,536. ತೀರ್ಥಹಳ್ಳಿಯಿಂದ ಬಂದ ಬೆಳೆಗಾರರ ಮನೆಯ ಹುಡುಗಿಗೆ ಇದನ್ನು ಒಮ್ಮೆ ತೋರಿಸಿದರೆ ಸಾಕು, ಡೇಟಾ ಟೈಪ್ ಎಂದರೇನು ಎಂಬುದನ್ನು ಅವಳು ಜೀವಮಾನದಲ್ಲಿ ಮರೆಯುವುದಿಲ್ಲ. ಬೆಲೆ ಹೆಚ್ಚಾಗಿದ್ದಕ್ಕೆ ಲೆಕ್ಕ ನೆಲ ಕಚ್ಚಿತು. ಕಂಪ್ಯೂಟರ್ ತಪ್ಪೆಂದು ಕೂಗಲೂ ಇಲ್ಲ, ಸುಮ್ಮನೆ ಸುಳ್ಳು ಹೇಳಿತು.

ಇಂಥದೇ ತಪ್ಪು 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ಟನ್ನು ಸುಟ್ಟಿತು. 64 ಬಿಟ್ಟಿನ ಒಂದು ಸಂಖ್ಯೆಯನ್ನು 16 ಬಿಟ್ಟಿನ ಜಾಗಕ್ಕೆ ತುರುಕಲು ಹೋಗಿ ಮಾರ್ಗದರ್ಶನದ ವ್ಯವಸ್ಥೆ ಕೈಕೊಟ್ಟಿತು. ಮೇಲೇರಿದ ಒಂದು ನಿಮಿಷದೊಳಗೆ ರಾಕೆಟ್ ಚೂರುಚೂರಾಯಿತು. ಹಳೆಯ ಏರಿಯಾನ್-4ರಲ್ಲಿ ಸರಿಯಾಗಿ ಓಡಿದ್ದ ಪ್ರೋಗ್ರಾಮನ್ನು ಹೊಸದಕ್ಕೆ ಹಾಗೇ ತಂದಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚಿತ್ತು. ಸೀನಿಯರುಗಳ ರೆಕಾರ್ಡ್ ಪುಸ್ತಕ ನಕಲು ಮಾಡುವವರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಸಿಕ್ಕದು.

ಇನ್ನೊಂದು ಉದಾಹರಣೆ ಊರಿನ ಹೆಸರಿನಲ್ಲೇ ಇದೆ. ‘ಶಿವಮೊಗ್ಗ’ ಎಂಬುದರಲ್ಲಿ ಎಷ್ಟು ಅಕ್ಷರ? ಒಂದನೇ ತರಗತಿಯ ಮಗು ನಾಲ್ಕು ಎನ್ನುತ್ತದೆ. ಪೈಥಾನ್ ಭಾಷೆಯನ್ನು ಕೇಳಿದರೆ ಎಂಟು ಎನ್ನುತ್ತದೆ. ಸಿ ಭಾಷೆಯ ಉದ್ದ ಅಳೆಯುವ ಫಂಕ್ಷನ್ನಿಗೆ ಅದೇ ಹೆಸರನ್ನು ಯುಟಿಎಫ್-8 ರೂಪದಲ್ಲಿ ಕೊಟ್ಟರೆ ಇಪ್ಪತ್ನಾಲ್ಕು ಎನ್ನುತ್ತದೆ. ಮೂರೂ ಸರಿ. ಯೂನಿಕೋಡ್ ವ್ಯವಸ್ಥೆಯಲ್ಲಿ ಶ ಒಂದು, ಅದರ ಗುಡಿಸು ಇನ್ನೊಂದು, ವ ಒಂದು, ಮ ಒಂದು, ಒತ್ವ ಒಂದು, ಗ ಒಂದು, ನಡುವಿನ ಹಲಂತ ಒಂದು, ಮತ್ತೆ ಗ ಒಂದು. ಹೀಗೆ ಎಂಟು ಸಂಕೇತ. ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ ಇಪ್ಪತ್ನಾಲ್ಕು. ‘ಭದ್ರಾವತಿ’ಯನ್ನು ಬಿಡಿಸಿದರೂ ಸರಿಯಾಗಿ ಅದೇ ನಾಲ್ಕು, ಎಂಟು, ಇಪ್ಪತ್ನಾಲ್ಕು ಬರುತ್ತದೆ.

ಇಂಗ್ಲಿಷ್ ಹೆಸರಿಗೆ ಈ ತೊಡಕಿಲ್ಲ. ಅಲ್ಲಿ ಅಕ್ಷರವೂ ಬೈಟೂ ಒಂದಕ್ಕೊಂದು ಸಮ. ಅದಕ್ಕೆ ಕಾರಣ ಇತಿಹಾಸ. 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಸಂಕೇತಪಟ್ಟಿ ತಯಾರಾದಾಗ ಇದ್ದದ್ದು 128 ಜಾಗ. ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಿಗೆ ಅಷ್ಟು ಸಾಕಾಗಿತ್ತು. 1972ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆ ರೂಪಿಸಿದ್ದು ಈ ಪಟ್ಟಿ ನೆಲೆಯೂರಿದ್ದ ಲೋಕದಲ್ಲಿ. ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ. ಅಲ್ಲಿಂದ ಅದು ಊರಿನ ಡಿಟಿಪಿ ಅಂಗಡಿಗೆ ಇಳಿಯಲು ಇನ್ನೂ ವರ್ಷಗಳು ಹಿಡಿದವು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಈ ನಡುವಿನ ಕಥೆ. ಈ ಎಲ್ಲವನ್ನೂ ಸ್ಟ್ರಿಂಗ್ ಪಾಠದ ಒಂದು ಗಂಟೆಯಲ್ಲಿ ಹೇಳಬಹುದು. ಯಂತ್ರ ಯಾರ ಕಡೆಯಿಂದ ಬಂತು, ಯಾವ ಭಾಷೆಯನ್ನು ಲೆಕ್ಕಕ್ಕೆ ಇಟ್ಟುಕೊಂಡು ಬಂತು ಎಂಬ ತಿಳಿವಳಿಕೆಯೂ ಪ್ರೋಗ್ರಾಮಿಂಗಿನ ಭಾಗವೇ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಸಿ ಭಾಷೆ ಕಬ್ಬಿಣದ ಕಡಲೆ ಎಂಬ ಮಾತನ್ನು ಸ್ಟಾಫ್ ರೂಮುಗಳಲ್ಲಿ ಬಹಳ ಕೇಳಬಹುದು. ಮಾತು ಅರ್ಧ ಮಾತ್ರ ಸರಿ. ಆನ್ಸಿ ಸಿ ಭಾಷೆಯಲ್ಲಿ ಇರುವ ಮೀಸಲು ಪದಗಳೇ 32. ಆ 32 ಪದ ಕಲಿಯಲು ಯಾವ ಮಾಧ್ಯಮದವರಿಗೂ ವಾರ ಸಾಕು. ಕಷ್ಟ ಇರುವುದು ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ, ಪ್ರಶ್ನೆಪತ್ರಿಕೆಯ ಇಂಗ್ಲಿಷಿನಲ್ಲಿ, ವೈವಾದಲ್ಲಿ ಬಾಯಿ ತೆರೆಯುವ ಅಂಜಿಕೆಯಲ್ಲಿ. ಎಷ್ಟೋ ಹುಡುಗರು ಲೂಪನ್ನು ಸರಿಯಾಗಿ ಬರೆಯುತ್ತಾರೆ, ಲೂಪ್ ಎಂದರೇನು ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲಾಗದೆ ಅಂಕ ಕಳೆದುಕೊಳ್ಳುತ್ತಾರೆ. ಕನ್ನಡದಲ್ಲಿ ವಿವರಿಸಿ ಪ್ರೋಗ್ರಾಮ್ ಬರೆಸುವ ಉಪನ್ಯಾಸಕರು ಎರಡೂ ಊರುಗಳಲ್ಲಿ ಇದ್ದಾರೆ; ಅವರ ಕ್ಲಾಸಿನಲ್ಲಿ ಹಿಂದಿನ ಬೆಂಚೂ ಮಾತಾಡುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಸಿ ಪಾಠಗಳು ಕನ್ನಡ ಧ್ವನಿಯಲ್ಲೂ ಉಚಿತವಾಗಿ ಸಿಗುತ್ತವೆ. ಅದು ಇದೆ ಎಂಬುದನ್ನು ಮೊದಲ ದಿನವೇ ಹೇಳಿದರೆ ಅರ್ಧ ಅಂಜಿಕೆ ಹೋದಂತೆ.

ಇತಿಹಾಸಕ್ಕೆ ಭಾಷೆಯ ತೊಡಕಿಲ್ಲ. ಪ್ರಥಮ ಪಿಯುಸಿಯಲ್ಲೇ ಮೆಸಪೊಟೇಮಿಯಾದಿಂದ ವಿಶ್ವಸಂಸ್ಥೆಯವರೆಗೆ ಪ್ರಪಂಚದ ಇತಿಹಾಸವನ್ನು ಕನ್ನಡದಲ್ಲಿ ಓದಿದವರು ಪದವಿಗೆ ಬರುತ್ತಾರೆ. 2013ರಿಂದ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನದಲ್ಲಿ 18ನೇ ಶತಮಾನದಿಂದೀಚೆಗಿನ ಪ್ರಪಂಚದ ಇತಿಹಾಸ ಸೇರಿದ ಮೇಲೆ ಕೋಚಿಂಗ್ ಕೇಂದ್ರಗಳಲ್ಲೂ ಅದಕ್ಕೆ ಬೆಲೆ ಬಂತು. ಇಲ್ಲಿನ ತೊಂದರೆ ಬೇರೆ. ಕಾರಣಗಳು ಐದು, ಪರಿಣಾಮಗಳು ಐದು ಎಂದು ಉರು ಹೊಡೆಯುವ ಈ ಇತಿಹಾಸ ನಡೆದದ್ದೆಲ್ಲ ಬೇರೆಲ್ಲೋ, ನಮ್ಮೂರಿಗೂ ಅದಕ್ಕೂ ಸಂಬಂಧವಿಲ್ಲ ಎನ್ನುವ ಹಾಗಿರುತ್ತದೆ.

ಭದ್ರಾವತಿಯಲ್ಲಿ ಹುಟ್ಟಿದವರು ಹಾಗೆ ಅಂದುಕೊಂಡರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಮೊದಲ ಮಹಾಯುದ್ಧದಲ್ಲಿ ಹೊರಗಿನಿಂದ ಕಬ್ಬಿಣ, ಉಕ್ಕು ಬರುವುದು ದುಸ್ತರವಾದಾಗ ಮೈಸೂರು ಸಂಸ್ಥಾನ ತನ್ನದೇ ಕಾರ್ಖಾನೆ ಕಟ್ಟಲು ಹೊರಟಿತು. ಟಾಟಾ ಉಕ್ಕಿನ ಕಾರ್ಖಾನೆಗೆ ಸಲಹೆ ಕೊಟ್ಟಿದ್ದ ಅಮೆರಿಕದ ಎಂಜಿನಿಯರ್ ಸಿ.ಪಿ. ಪೆರಿನ್ ಇದಕ್ಕೂ ಸಲಹೆಗಾರ. 1918ರಲ್ಲಿ ಕೆಲಸ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು. ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಮಲೆನಾಡಿನ ಕಾಡು ಇತ್ತು. ಹಾಗಾಗಿ ಸೌದೆಯನ್ನು ಗಾಳಿಯಾಡದ ಕುಲುಮೆಯಲ್ಲಿ ಕಾಯಿಸಿ ಇದ್ದಿಲು ಮಾಡುವುದು, ಆ ಇದ್ದಿಲಿನಿಂದ ಕಬ್ಬಿಣ ಕರಗಿಸುವುದು ಎಂದಾಯಿತು. ಸೌದೆ ಕಾಯಿಸುವಾಗ ಇದ್ದಿಲಿನ ಜೊತೆಗೆ ಮೀಥೈಲ್ ಆಲ್ಕೊಹಾಲ್, ಡಾಂಬರು, ಸುಣ್ಣದ ಅಸಿಟೇಟ್ ಕೂಡ ಸಿಗುತ್ತವೆ. ಅಸಿಟೇಟಿನಿಂದ ಅಸಿಟೋನ್, ಅಸಿಟೋನಿನಿಂದ ಬ್ರಿಟಿಷ್ ಸೇನೆಯ ಕಾರ್ಡೈಟ್ ಮದ್ದು. ಯುದ್ಧ ನಡೆಯುತ್ತಿದ್ದಾಗ ಇವಕ್ಕೆಲ್ಲ ಚಿನ್ನದ ಬೆಲೆ. ಕಾರ್ಖಾನೆಯ ಲಾಭದ ಲೆಕ್ಕದಲ್ಲಿ ಈ ಉಪಉತ್ಪನ್ನಗಳಿಗೂ ದೊಡ್ಡ ಜಾಗವಿತ್ತು.

ಯುದ್ಧ ನಿಂತದ್ದು 1918ರ ನವೆಂಬರಿನಲ್ಲಿ. ಭದ್ರಾವತಿಯ ಊದುಕುಲುಮೆಗೆ ಬೆಂಕಿ ಬಿದ್ದದ್ದು 1923ರ ಜನವರಿಯಲ್ಲಿ. ಅಷ್ಟರಲ್ಲಿ ಕಬ್ಬಿಣದ ಬೆಲೆ ಇಳಿದಿತ್ತು. ಸಾಲದ್ದಕ್ಕೆ ಅದೇ 1923ರಲ್ಲಿ ಜರ್ಮನಿಯ ಲಾಯ್ನಾದಲ್ಲಿ ಬಿಎಎಸ್ಎಫ್ ಕಂಪನಿ ಸೌದೆಯ ಹಂಗಿಲ್ಲದೆ ಅನಿಲಗಳಿಂದಲೇ ಮೆಥನಾಲ್ ತಯಾರಿಸಲು ತೊಡಗಿತು. ಮಲೆನಾಡಿನ ಮರದಿಂದ ಇಳಿಸಿದ ಆಲ್ಕೊಹಾಲು ಆ ಬೆಲೆಗೆ ಎದುರು ನಿಲ್ಲುವಂತಿರಲಿಲ್ಲ. ನಷ್ಟದ ಗಾಡಿಯನ್ನು ದಾರಿಗೆ ತರಲು ಸಂಸ್ಥಾನ ಕರೆದದ್ದು ದಿವಾನಗಿರಿ ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರನ್ನೇ. 1923ರಿಂದ ಕೆಲವು ವರ್ಷ ಅವರು ಕಾರ್ಖಾನೆಯ ಮಂಡಳಿಯ ಅಧ್ಯಕ್ಷರಾಗಿ ನಿಂತು ಖರ್ಚು ಕಡಿಮೆ ಮಾಡಿದರು, ಸ್ಥಳೀಯರಿಗೆ ತರಬೇತಿ ಕೊಡಿಸಿದರು. ಮುಂದೆ ಉಕ್ಕು ಬಂತು. 1936ರಲ್ಲಿ ಪಕ್ಕದಲ್ಲೇ ಮೈಸೂರು ಕಾಗದ ಕಾರ್ಖಾನೆಯ ಕಂಪನಿ ಹುಟ್ಟಿತು. 1989ರಲ್ಲಿ ಉಕ್ಕಿನ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ಕಾಗದದ ಉತ್ಪಾದನೆ ಕಳೆದ ದಶಕದಲ್ಲಿ ನಿಂತಿತು. ಕುಲುಮೆಗೆ ನೂರು ವರ್ಷ ತುಂಬಿದ ತಿಂಗಳಲ್ಲೇ, 2023ರ ಜನವರಿಯಲ್ಲಿ, ಉಕ್ಕಿನ ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು.

ಮಹಾಯುದ್ಧದ ಪರಿಣಾಮಗಳು ಎಂಬ ಐದು ಅಂಕದ ಪ್ರಶ್ನೆಗೆ ಭದ್ರಾವತಿಯ ವಿದ್ಯಾರ್ಥಿ ವರ್ಸೇಲ್ಸ್ ಒಪ್ಪಂದ ಬರೆಯುತ್ತಾನೆ. ಬರೆಯಲೇಬೇಕು. ಆದರೆ ತನ್ನ ಅಜ್ಜ ಯಾವ ಗೇಟಿನೊಳಗೆ ಶಿಫ್ಟಿಗೆ ಹೋಗುತ್ತಿದ್ದನೋ ಆ ಗೇಟು ಕೂಡ ಅದೇ ಯುದ್ಧದ ಪರಿಣಾಮ ಎಂದು ಅವನಿಗೆ ತರಗತಿಯಲ್ಲಿ ಯಾರಾದರೂ ಹೇಳಬೇಕು.

ಇನ್ನೂ ಹಿಂದಕ್ಕೆ ಹೋಗಲೂ ಅಡ್ಡಿಯಿಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರದ ಜೊತೆ ಗೋವಾದಿಂದ ಹೊರಟು ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಆಗ ಕೆಳದಿಯ ವೆಂಕಟಪ್ಪ ನಾಯಕನ ಆಳ್ವಿಕೆ. ಪೋರ್ಚುಗೀಸರಿಗೆ ಬೇಕಿದ್ದದ್ದು ಮೆಣಸು. ಆ ದಾರಿಯಲ್ಲಿ ಒಂದು ದೇವಸ್ಥಾನದ ಜಗುಲಿಯ ಮೇಲೆ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ಪತ್ರದಲ್ಲಿ ವಿವರವಾಗಿ ಬರೆದಿದ್ದಾನೆ. ನೆಲದ ಮೇಲೆ ನುಣುಪು ಮರಳು ಹರಡಿಕೊಂಡು, ಪಾಠವನ್ನು ರಾಗವಾಗಿ ಒಟ್ಟಿಗೆ ಹೇಳುತ್ತ, ಬೆರಳಿನಲ್ಲಿ ಬರೆಯುತ್ತ ಇದ್ದರು. ಮೇಷ್ಟ್ರು ಅಲ್ಲಿರಲಿಲ್ಲ. ಮರೆತರೆ ಯಾರು ಹೇಳಿಕೊಡುತ್ತಾರೆ ಎಂದು ಅವನು ಕೇಳಿದ. ನಾಲ್ವರೂ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ಮರೆತರೆ ಇನ್ನೊಬ್ಬ ನೆನಪಿಸುತ್ತಾನೆ ಎಂಬುದು ಹುಡುಗರ ಉತ್ತರ. ಯುರೋಪಿನ ಪ್ರವಾಸಿಗೆ ಆ ವಿಧಾನ ಸುಲಭವೂ ಭದ್ರವೂ ಆಗಿ ಕಂಡಿತು. ಮಲೆನಾಡಿನ ಪ್ರಾಥಮಿಕ ಲೆಕ್ಕದ ತರಗತಿಯೊಂದು ಹೀಗೆ ಪ್ರಪಂಚದ ಇತಿಹಾಸದ ಆಕರಗಳಲ್ಲಿ ಸೇರಿಹೋಗಿದೆ. ಒಂದು ಕಂಪ್ಯೂಟರಿಗೆ ಮೂವರು ಕೂರಬೇಕಾದ ಲ್ಯಾಬುಗಳಲ್ಲಿ ಪಾಠ ನಡೆಸುವವರು ಈ ಪತ್ರವನ್ನು ಓದಬೇಕು. ಒಬ್ಬ ಟೈಪ್ ಮಾಡುವಾಗ ಉಳಿದಿಬ್ಬರು ಬಾಯಿಬಿಟ್ಟು ಸಾಲು ಹೇಳುವಂತೆ ಕೂರಿಸಿದರೆ ಕಂಪ್ಯೂಟರಿನ ಕೊರತೆಯಲ್ಲೂ ಪಾಠ ನಡೆಯುತ್ತದೆ.

ಪ್ರೋಗ್ರಾಮಿಂಗ್, ಇತಿಹಾಸಗಳ ನಂತರ ಮೂರನೆಯದು ಜಾಗತಿಕ ಸಮಸ್ಯೆಗಳ ಪಾಠ. ನಮ್ಮ ಕಾಲೇಜುಗಳಲ್ಲಿ ಅದು ಹೆಚ್ಚಾಗಿ ಬರುವುದು ಪರಿಸರ ಅಧ್ಯಯನದ ಹೆಸರಿನಲ್ಲಿ. ಈ ಪತ್ರಿಕೆಯ ಹುಟ್ಟೇ ನ್ಯಾಯಾಲಯದಲ್ಲಿ. ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡುವತ್ತ ನಿರ್ದೇಶನ ಕೊಟ್ಟಿತು. ಆದೇಶ ಕಡತದಲ್ಲೇ ಉಳಿದಾಗ ಮತ್ತೆ ಕೋರ್ಟಿಗೆ ಹೋಗಬೇಕಾಯಿತು. ಕೊನೆಗೆ ಯುಜಿಸಿ ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯಕ್ರಮ ಕೊಟ್ಟಿತು: ಎಂಟು ಘಟಕ, 50 ತರಗತಿ. ಎಂಟನೆಯ ಘಟಕ ಪೂರ್ತಿ ಹೊರಗಿನ ಕೆಲಸ. ಹತ್ತಿರದ ನದಿ, ಕಾಡು, ಬೆಟ್ಟ ನೋಡಿ ದಾಖಲಿಸುವುದು, ಮಲಿನಗೊಂಡ ಜಾಗವೊಂದಕ್ಕೆ ಭೇಟಿ ಕೊಡುವುದು. ಹೆಚ್ಚು ಕಡೆ ಈ ಎಂಟನೆಯ ಘಟಕ ಗೈಡಿನಿಂದ ಇಳಿಸಿದ ವರದಿಯಲ್ಲಿ ಮುಗಿಯುತ್ತದೆ. ಆ ಘಟಕವೇ ಪತ್ರಿಕೆಯ ಜೀವ ಎಂಬುದು ಈ ಲೇಖನದ ಗಟ್ಟಿ ಅಭಿಪ್ರಾಯ.

ಏಕೆಂದರೆ ಈ ಜಿಲ್ಲೆಯ ಒಂದು ಕಾಡಿನ ಹೆಸರು ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಹೋಯಿತು. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು. ಮೊದಲ ಭಯ ಹಳದಿ ಜ್ವರದ್ದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಆ ರೋಗ ಭಾರತಕ್ಕೆ ಕಾಲಿಟ್ಟಿರಲಿಲ್ಲ. ಪರೀಕ್ಷಿಸಿದಾಗ ಸಿಕ್ಕಿದ್ದು ಹೊಸ ವೈರಾಣು, ಉಣುಗಿನಿಂದ ಹರಡುವಂಥದು. ಅದರ ಹತ್ತಿರದ ಬಂಧುಗಳಿದ್ದದ್ದು ರಷ್ಯಾದಲ್ಲಿ, ಸೈಬೀರಿಯಾದ ಕಡೆ.

ಸೈಬೀರಿಯಾದ ನೆಂಟ ಸೊರಬಕ್ಕೆ ಬಂದದ್ದು ಹೇಗೆ? ವಲಸೆ ಹಕ್ಕಿಗಳು ತಂದಿರಬಹುದೇ ಎಂಬ ಗುಮಾನಿ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ಅಧ್ಯಯನ ಶುರುಮಾಡಿದ್ದಕ್ಕೆ ಇದೂ ಒಂದು ಪ್ರೇರಣೆ. ಶೀತಲ ಸಮರದ ಕಾಲವಾದ್ದರಿಂದ ಈ ಅಧ್ಯಯನಗಳಲ್ಲಿ ಅಮೆರಿಕಕ್ಕಿದ್ದ ಆಸಕ್ತಿಯ ಬಗ್ಗೆ ಮುಂದೆ 1970ರ ದಶಕದಲ್ಲಿ ಸಂಶಯಗಳೂ ಎದ್ದವು. ಈ ನಡುವೆ ಕೊಲಂಬಿಯಾದ ವಿಜ್ಞಾನಿ ಹೊರ್ಹೆ ಬೊಶೆಲ್ 1969ರಲ್ಲಿ ಇನ್ನೊಂದು ದಿಕ್ಕು ತೋರಿಸಿದ. ವೈರಾಣು ಕಾಡಿನಲ್ಲಿ ಮೊದಲೇ ಇದ್ದಿರಬಹುದು. ಜನಸಂಖ್ಯೆ ಬೆಳೆದು, ಕಾಡು ಕಡಿದು, ಜಾನುವಾರು ಒಳಗೆ ಮೇಯತೊಡಗಿ ಉಣುಗು ಹೆಚ್ಚಿದ್ದರಿಂದ ರೋಗ ಹೊರಬಂದಿರಬಹುದು ಎಂದ. ಕಾಡಂಚಿನಲ್ಲಿ ಹೊಸ ಸೋಂಕು ಹುಟ್ಟುವ ಬಗ್ಗೆ ಕೋವಿಡ್ ನಂತರ ಪ್ರಪಂಚ ಆಡುತ್ತಿರುವ ಮಾತು ನಮ್ಮ ಜಿಲ್ಲೆಯನ್ನು ನೋಡಿ ಅರ್ಧ ಶತಮಾನದ ಹಿಂದೆಯೇ ಬರೆದಿಟ್ಟದ್ದು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಇದೇ ರೋಗ, ಮಂಗನ ಕಾಯಿಲೆ, ಮತ್ತೆ ಎದ್ದು ಹಲವರ ಜೀವ ತೆಗೆಯಿತು. ಸೊರಬ, ಸಾಗರದಿಂದ ಬಂದು ಶಿವಮೊಗ್ಗದ ಹಾಸ್ಟೆಲುಗಳಲ್ಲಿರುವ ಮಕ್ಕಳು ಈ ರೋಗವನ್ನು ಮನೆಯ ಮಾತಿನಲ್ಲಿ ಬಲ್ಲರು. ಅವರ ಪಠ್ಯದ ಉದಾಹರಣೆ ಮಾತ್ರ ಚೆರ್ನೊಬಿಲ್.

ನದಿಯ ಕಥೆಯೂ ಅಷ್ಟೇ. ಭದ್ರಾವತಿಯೊಳಗೆ ಹರಿಯುವ ಭದ್ರೆ ಹುಟ್ಟುವುದು ಕುದುರೆಮುಖದ ಗಂಗಾಮೂಲದಲ್ಲಿ. 1976ರಲ್ಲಿ ಕುದುರೆಮುಖ ಅದಿರು ಕಂಪನಿ ಹುಟ್ಟಿದ್ದು ಇರಾನಿಗೆ ಅದಿರು ಕಳಿಸಲು, ಇರಾನಿನ ಸಾಲದ ಹಣದಲ್ಲಿ. 1979ರ ಕ್ರಾಂತಿಯಲ್ಲಿ ಷಾ ಓಡಿಹೋದ ಮೇಲೆ ಇರಾನ್ ಹಿಂದೆ ಸರಿಯಿತು, ಕಂಪನಿ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿಕೊಂಡಿತು. ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಗೆ ಇಳಿಯುವುದರ ವಿರುದ್ಧ ಹೋರಾಟ ನಡೆಯಿತು. 2002ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ತೆಹರಾನಿನ ಬೀದಿ, ದೆಹಲಿಯ ನ್ಯಾಯಾಲಯ, ಲಕ್ಕವಳ್ಳಿಯ ಭದ್ರಾ ಜಲಾಶಯ ಒಂದೇ ಪಾಠದಲ್ಲಿ ಬರುವ ಇಂಥ ಉದಾಹರಣೆ ಬೇರೆ ಊರಿನವರಿಗೆ ಸುಲಭಕ್ಕೆ ಸಿಕ್ಕುವುದಿಲ್ಲ. ಅಡಿಕೆಯೂ ಹಾಗೆಯೇ: 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು, 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಅನುಮತಿ ಸಿಕ್ಕಿತು, 2023ರಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಜಾಗತೀಕರಣ ಎಂಬ ಅಧ್ಯಾಯಕ್ಕೆ ಇಷ್ಟು ಸಾಕು.

ಈ ಮೂರೂ ವಿಷಯಗಳನ್ನು ಒಂದೇ ತಲೆಯಲ್ಲಿ ಇಟ್ಟುಕೊಂಡಿದ್ದ ಒಬ್ಬರು ಇದೇ ಜಿಲ್ಲೆಯ ಕುಪ್ಪಳಿಯಲ್ಲಿ 1938ರಲ್ಲಿ ಹುಟ್ಟಿದರು. ಪೂರ್ಣಚಂದ್ರ ತೇಜಸ್ವಿ ಕಾಡು, ಹಕ್ಕಿಗಳ ಬಗ್ಗೆ ಬರೆದದ್ದು ಎಲ್ಲರಿಗೂ ಗೊತ್ತು. ಮಿಲೇನಿಯಂ ಸರಣಿಯ ಪುಸ್ತಕಗಳಲ್ಲಿ ಅವರು ಮಹಾಯುದ್ಧಗಳನ್ನೂ ಪೆಸಿಫಿಕ್ ದ್ವೀಪಗಳನ್ನೂ ಹಳ್ಳಿಯ ಓದುಗನ ಕೈಗೆ ತಂದರು. ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದು ಓಡಾಡಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೂಲಕ ಕುವೆಂಪು ಹೆಸರಿನ ತಂತ್ರಾಂಶ ಬಂತು. ಅವರ ತಂದೆ ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಕಾಲೇಜು ಮಟ್ಟದ ಪಾಠ ಕನ್ನಡದಲ್ಲಿ ನಡೆಯಬೇಕೆಂದು ಪಠ್ಯಪುಸ್ತಕಗಳನ್ನು ಬರೆಸಲು ಹೊರಟವರು. ಕುವೆಂಪು ಹೆಸರಿನ ವಿಶ್ವವಿದ್ಯಾಲಯದ ಮೊದಲ ವರ್ಷದ ಪತ್ರಿಕೆಗಳಿಗೆ ಹೊಂದುವ ಪರಂಪರೆ ಇದು.

ಇದಕ್ಕೆಲ್ಲ ಹೊಸ ನೀತಿಯೂ ಹೊಸ ಪಠ್ಯಕ್ರಮವೂ ಬೇಕಿಲ್ಲ. ಇಂಟರ್ನಲ್ಸ್‌ಗೆ ಅಸೈನ್‌ಮೆಂಟ್ ಕೊಡುವ ಅಧಿಕಾರ ಈಗಲೂ ಆಯಾ ಉಪನ್ಯಾಸಕರ ಕೈಯಲ್ಲಿದೆ. ಭದ್ರಾ ಜಲಾಶಯದ ಮಟ್ಟ ಮಳೆಗಾಲವಿಡೀ ದಿನಪತ್ರಿಕೆಗಳಲ್ಲಿ ಬರುತ್ತದೆ, ಪೂರ್ಣ ಮಟ್ಟ 186 ಅಡಿ. ಒಂದು ತಿಂಗಳ ಅಂಕಿಗಳನ್ನು ಅರೇಯಲ್ಲಿ ತುಂಬಿ ದಿನದಿಂದ ದಿನಕ್ಕೆ ಎಷ್ಟು ಏರಿತು ಎಂದು ಲೂಪ್ ಬರೆಯುವುದು ಮೊದಲ ಸೆಮಿಸ್ಟರಿನ ಬಿಸಿಎ ವಿದ್ಯಾರ್ಥಿಗೆ ಸಾಧ್ಯ. ಅದೇ ತಿಂಗಳು ನದಿದಂಡೆಗೆ ಹೋಗಿ ನೀರಿನ ಬಣ್ಣ, ಚರಂಡಿ ಸೇರುವ ಜಾಗಗಳನ್ನು ಬರೆದುಕೊಳ್ಳುವುದು ಪರಿಸರ ಅಧ್ಯಯನದ ಎಂಟನೆಯ ಘಟಕ. ಅಣೆಕಟ್ಟು ಕಟ್ಟಿದಾಗ ಎದ್ದುಹೋದ ಊರುಗಳ ಹಿರಿಯರನ್ನು ಮಾತಾಡಿಸಿ ಬರುವುದು ಇತಿಹಾಸದವರ ಕೆಲಸ. ಮೂರು ವಿಭಾಗದವರು ಒಂದೇ ಶನಿವಾರವನ್ನು ಇದಕ್ಕೆ ಬಿಡುವು ಮಾಡಿಕೊಂಡರೆ ಒಂದೇ ಬಸ್ಸಿನಲ್ಲಿ ಹೋಗಿಬರಬಹುದು. ಬಸ್ಸಿನ ಖರ್ಚು ಮತ್ತು ಪ್ರಿನ್ಸಿಪಾಲರ ಅನುಮತಿ ಪತ್ರ, ಇವೆರಡು ಮಾತ್ರ ಹೊಸದಾಗಿ ಬೇಕಾದವು.